ಶಾಲೆಯ ಕಲಾಶಿಕ್ಷಣದ ಹಣ: ಕಲೋತ್ಸವದ ತಂಡಕ್ಕೋ, ವಾರದ ತರಗತಿಗೋ?

ಪ್ರಶ್ನೆ – ಕುಂಬಳೆಯ ರಕ್ಷಕ

ಮಾನ್ಯರೇ, ಐದರಿಂದ ಹತ್ತರವರೆಗೆ ಕನ್ನಡ ಮಾಧ್ಯಮವಿರುವ ನಮ್ಮೂರಿನ ಸರಕಾರಿ ಹೈಸ್ಕೂಲಿನ ರಕ್ಷಕ ಶಿಕ್ಷಕ ಸಂಘವು ಕಲೆಗೆಂದು ಸ್ವಲ್ಪ ಹಣವನ್ನು ಒಟ್ಟುಮಾಡಿದೆ. ಕೇರಳದ ಶಾಲಾ ಕಲಾಸ್ಪರ್ಧೆಯಾದ ಕಲೋತ್ಸವದ ಯಕ್ಷಗಾನ ತಂಡದ ವೇಷಭೂಷಣದ ಬಾಡಿಗೆಗೂ ತರಬೇತಿಗೂ ಅದನ್ನು ಕೊಡಬೇಕೆಂದು ಕೆಲವರು ಹೇಳಿದರೆ, ಎಲ್ಲ ಮಕ್ಕಳಿಗೂ ವರ್ಷವಿಡೀ ಸಂಗೀತ ಮತ್ತು ಚೆಂಡೆ-ಮದ್ದಳೆಯ ತರಗತಿ ನಡೆಸಬೇಕೆಂಬುದು ಇನ್ನು ಕೆಲವರ ವಾದ. ಇವೆಲ್ಲ ಬೇಡ, ಕಂಪ್ಯೂಟರ್ ಕೊಳ್ಳೋಣ ಎನ್ನುವವರೂ ಇದ್ದಾರೆ. ಅನುಭವಿಗಳು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಉತ್ತರ – ಬದಿಯಡ್ಕದ ಮಾಸ್ಟ್ರು

ವಾರದ ತರಗತಿಗೇ ಕೊಡಿ. ತಂಡಕ್ಕೆ ಸೇರುವವರು ಬೆರಳೆಣಿಕೆಯ ಮಕ್ಕಳು, ಅವರಲ್ಲಿಯೂ ಹೆಚ್ಚಿನವರು ಮನೆಯಲ್ಲಿಯೇ ಕಲೆಯ ವಾತಾವರಣವಿದ್ದು ಹೊರಗೆ ಹಣ ಕೊಟ್ಟು ಕಲಿತು ಬಂದವರು; ಶಾಲೆಯ ಹೊರತು ಬೇರೆ ದಾರಿಯೇ ಇಲ್ಲದ ಮಗು ಪ್ರೇಕ್ಷಕನಾಗಿಯೇ ಉಳಿಯುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಹೀಗಾಗುವುದು ಸರಿಯಲ್ಲ. ಕನ್ನಡ ಮಾಧ್ಯಮದ ನಮಗೆ ಇನ್ನೊಂದು ಲಾಭವೂ ಇದೆ. ಏಳನೆಯ ತರಗತಿಯ ಹುಡುಗನೊಬ್ಬನಿಗೆ ಯಕ್ಷಗಾನದಲ್ಲಿ ರಾಮನ ದೂತ ಅಂಗದನ ಪಾತ್ರ ಕೊಟ್ಟು, ಹಾಡುವ ಭಾಗವತರು ಪದ ಮುಗಿಸಿದೊಡನೆ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಹೇಳು ಎಂದರೆ, ಆತ ರಾವಣನ ಪ್ರಶ್ನೆಯನ್ನು ಕೇಳಿಸಿಕೊಂಡು ಅದಕ್ಕೆ ತಕ್ಕ ಉತ್ತರವನ್ನು ನಿಂತಲ್ಲಿಯೇ ಕಟ್ಟಬೇಕಾಗುತ್ತದೆ. ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳವನ್ನೇ ಕೇಳಿ ಬೆಳೆಯುವ ಮಗುವಿಗೆ ಇಷ್ಟು ಉದ್ದನೆಯ ಕನ್ನಡ ವಾಕ್ಯಗಳನ್ನು ಬಾಯಿಬಿಟ್ಟು ಆಡುವ ಅವಕಾಶ ಪ್ರಬಂಧ ಬರೆಯುವುದರಿಂದ ಸಿಗುವುದಿಲ್ಲ.

ಉತ್ತರ – ಪೆರ್ಲದ ಹವ್ಯಾಸಿ

ಮಾಸ್ಟ್ರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಥಾನ ಇರುವುದರಿಂದಲೇ ಮುಖ್ಯೋಪಾಧ್ಯಾಯರು ಅಭ್ಯಾಸಕ್ಕೆ ಸಮಯ ಬಿಟ್ಟುಕೊಡುತ್ತಾರೆ. ಸ್ಪರ್ಧೆ ಇಲ್ಲವೆಂದಾದರೆ ಕಲೆಯ ಪೀರಿಯಡನ್ನು ಗಣಿತದವರು ಕೇಳಿ ಪಡೆಯುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಕಿರೀಟ, ಭುಜಕೀರ್ತಿಗಳ ಬಾಡಿಗೆಯು ಒಂದೇ ದಿನಕ್ಕೆ ಕರಗುವ ಹಣ ಎಂಬುದು ನಿಜ. ಅದನ್ನು ಊರಿನ ದಾನಿಗಳಿಂದ ಪ್ರತ್ಯೇಕವಾಗಿ ಕೇಳುವುದು ಒಳ್ಳೆಯದು, ಬಣ್ಣ ಹಚ್ಚಿದ ಮಕ್ಕಳನ್ನು ನೋಡಲು ಹಣ ಕೊಡುವವರು ನಮ್ಮಲ್ಲಿ ಧಾರಾಳವಾಗಿದ್ದಾರೆ.

ಉತ್ತರ – ಮಂಜೇಶ್ವರದ ನಿವೃತ್ತ ಗುಮಾಸ್ತ

ಚರ್ಚೆಯು ಸಂಘದ ಹಣದ ಸುತ್ತಲೇ ಸುತ್ತುತ್ತಿದೆ; ಇದು ಮೂಲತಃ ಸರಕಾರದ ಹೊಣೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಲೇಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಸಂಗೀತ, ನೃತ್ಯ, ಚಿತ್ರಕಲೆ, ನಾಟಕಗಳನ್ನು ಶಾಲೆಯ ವಿಷಯವಾಗಿಯೇ ಕಂಡಿದೆ. ಮೊದಲು ದಾಖಲಾದ ಮಕ್ಕಳ ಸಂಖ್ಯೆಯೊಂದಿಗೆ ಲಿಖಿತ ಬೇಡಿಕೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕೇರಳದಲ್ಲಿ ಸರಕಾರಿ ಹೈಸ್ಕೂಲುಗಳು ಜಿಲ್ಲಾ ಪಂಚಾಯತಿನ ವ್ಯಾಪ್ತಿಗೆ ಬರುವುದರಿಂದ, ವಾರ್ಷಿಕ ಯೋಜನೆ ತಯಾರಾಗುವ ಮೊದಲೇ ಅದರ ನಿಮ್ಮ ಭಾಗದ ಸದಸ್ಯರನ್ನು ಕಾಣಬೇಕು; ಯೋಜನೆ ಮಂಜೂರಾದ ಮೇಲೆ ಹೋದರೆ ಸಿಗುವುದು ಸಹಾನುಭೂತಿ ಮಾತ್ರ. ಕನ್ನಡ ಬಲ್ಲ ಬೋಧಕರೇ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬೇಡಿಕೆ ಪತ್ರವನ್ನು ಮುಂದಿನ ಸಭೆಯಲ್ಲಿ ಮಂಡಿಸುತ್ತೇನೆ. ಬೋಧಕರು ಬರುವವರೆಗೆ ಸಂಘದ ಹಣದಿಂದ ಸ್ಥಳೀಯ ಗುರುಗಳೊಬ್ಬರ ಸಂಭಾವನೆಯನ್ನು ಭರಿಸಬಹುದು ಎಂದು ತೋರುತ್ತದೆ. ಮಳೆಗಾಲದ ತೇವಕ್ಕೆ ಮದ್ದಳೆಯ ಮುಚ್ಚಿಗೆ (ಚರ್ಮದ ಹೊದಿಕೆ) ಸಡಿಲವಾಗುವುದರಿಂದ ಅದರ ದುರಸ್ತಿಗೂ ಒಂದು ಪಾಲನ್ನು ತೆಗೆದಿರಿಸಬೇಕಾದೀತು.