ರಕ್ತ ಕ್ಯಾನ್ಸರ್ ಕರುಳಿಗೆ ‘ಹರಡಿದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ರೋಗಿಗಳ ಮನೆಯವರಿಗೆ ವೈದ್ಯರ ವರದಿಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತ ಕ್ಯಾನ್ಸರಿನ ವರದಿಯಲ್ಲಿ ‘ಸ್ಮಾಲ್ ಬವೆಲ್ ಇನ್ವಾಲ್ವ್‌ಮೆಂಟ್’ ಎಂದು, ಅಂದರೆ ಸಣ್ಣ ಕರುಳಿನಲ್ಲೂ ಆ ಕಾಯಿಲೆ ಇದೆ ಎಂದು ಬಂದರೆ ಏನು ಬರೆಯಬೇಕು? ‘ಪಾಲ್ಗೊಳ್ಳುವಿಕೆ’ ಅನ್ನೋಣವೆಂದರೆ ಕರುಳೇನು ಗ್ರಾಮಸಭೆಗೆ ಬಂದಿದೆಯೇ!

ಸಾಮಾನ್ಯವಾಗಿ ‘ಹರಡಿದೆ’ ಎಂದು ಬರೆದುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಬಾಯಿಯದ್ದೋ ಸ್ತನದ್ದೋ ಕ್ಯಾನ್ಸರ್ ಆದರೆ ಹುಟ್ಟಿದ ಜಾಗ ಒಂದು, ಹರಡಿದ ಜಾಗ ಇನ್ನೊಂದು. ಲ್ಯುಕೀಮಿಯಾ ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ರಕ್ತದ ಜೊತೆ ಮೈಯೆಲ್ಲ ಓಡಾಡುವ ಕಾಯಿಲೆ. ಒಂದನೇ ಸ್ಟೇಜು, ನಾಲ್ಕನೇ ಸ್ಟೇಜು ಎಂಬ ಲೆಕ್ಕವೂ ಇದಕ್ಕಿಲ್ಲ. ಆದರೆ ‘ಹರಡಿದೆ’ ಅಂದ ತಕ್ಷಣ ಬರುವ ಪ್ರಶ್ನೆ ಒಂದೇ: ‘ಹಂಗಾದ್ರೆ ಲಾಸ್ಟ್ ಸ್ಟೇಜಾ ಸಾರ್?’

‘ಗಡ್ಡೆ’ಯದ್ದು ಬೇರೆ ತೊಡಕು. ಅಪರೂಪಕ್ಕೆ ಲ್ಯುಕೀಮಿಯಾದ ಕಣಗಳು ಮಜ್ಜೆಯ ಹೊರಗೆ ಗುಂಪುಗೂಡಿ ನಿಜಕ್ಕೂ ಗಡ್ಡೆ ಕಟ್ಟುತ್ತವೆ. ಮೈಲಾಯ್ಡ್ ಸಾರ್ಕೋಮಾ ಅನ್ನುವುದು ಇದನ್ನೇ. ಕೊಯ್ದಾಗ ಕೆಲವು ಹಸಿರಾಗಿ ಕಾಣುವುದರಿಂದ 1853ರಲ್ಲಿ ಕ್ಲೋರೋಮಾ ಎಂಬ ಹೆಸರೂ ಬಂತು. ಕಣದೊಳಗಿನ ಒಂದು ಕಿಣ್ವದ ಬಣ್ಣವದು. ಚರ್ಮ, ಮೂಳೆಗಳಲ್ಲಿ ಕಂಡಷ್ಟು ಕರುಳಿನಲ್ಲಿ ಕಾಣದು. ಅಲ್ಲಿ ಬೆಳೆದರೆ ಹೊಟ್ಟೆನೋವು, ವಾಂತಿ, ಕೊನೆಗೆ ಕರುಳೇ ಕಟ್ಟಿಕೊಳ್ಳಬಹುದು. ಕೆಲವರಲ್ಲಿ ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುವ ಮೊದಲೇ ಗಡ್ಡೆ ಬಂದಿರುತ್ತದೆ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಎಂದು ತಪ್ಪು ತಿಳಿಯುವುದೂ ಉಂಟು. ಹೀಗಿದ್ದರೂ ‘ಗಡ್ಡೆ’ ಎಂದು ಬರೆದರೆ ಮನೆಯವರು ‘ಕುಯ್ದು ತೆಗೆಸಿಬಿಡಿ’ ಅಂತಾರೆ. ಕರುಳು ಕಟ್ಟಿದರೆ, ತೂತಾದರೆ ಆಪರೇಷನ್ ಬೇಕಾಗುತ್ತದೆ ನಿಜ, ಆದರೆ ಮೂಲ ಕಾಯಿಲೆಗೆ ಮುಖ್ಯ ಚಿಕಿತ್ಸೆ ಕೀಮೋನೇ.

ನನ್ನ ಒಲವು ‘ಹಿಡಿ’ಯ ಕಡೆ. ಟೊಮೊಟೊಗೆ ಅಂಗಮಾರಿ ಹಿಡಿದಿದೆ ಅಂದರೆ ನಮ್ಮ ರೈತರಿಗೆ ವಿವರಿಸಿ ಹೇಳಬೇಕಿಲ್ಲ. ‘ಕಾಯಿಲೆ ಸಣ್ಣ ಕರುಳನ್ನೂ ಹಿಡಿದಿದೆ’ ಎಂದರೆ, ಆ ‘ಊ’ಕಾರದಲ್ಲೇ ಮೂಲ ಬೇರೆ ಕಡೆ ಇದೆ ಎಂಬುದೂ ಬಂತು. ‘ತಗುಲಿದೆ’ ಬೇಡ, ಅಂಟುರೋಗ ಅಂದುಕೊಳ್ಳುತ್ತಾರೆ. ಇಲ್ಲಿಯ ನರ್ಸಮ್ಮ ಒಬ್ಬರು ಮಾತ್ರ ‘ಹಿಡಿದಿದೆ ಅಂದ್ರೆ ದೆವ್ವ ಹಿಡಿದಂಗೆ ಕೇಳ್ಸುತ್ತೆ, “ಕರುಳಲ್ಲೂ ಕಾಣಿಸ್ಕೊಂಡಿದೆ” ಅನ್ನಿ’ ಅಂತಾರೆ. ಅದು ಮೆದುವೇನೋ ಹೌದು, ಆದರೆ ಬಂದು ಹೋಗುವ ಗುಳ್ಳೆಯ ಹಾಗೆ ಕೇಳುತ್ತದೆ ನನಗೆ.

ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಸ್ಪತ್ರೆಗಳಲ್ಲಿ ಇದಕ್ಕೆ ಏನಂತಾರೆ? ಕೇಳಿದವರಿದ್ದರೆ ಆ ವಾಕ್ಯವನ್ನು ಇದ್ದ ಹಾಗೇ ಬರೆಯಿರಿ.