ಮನೆಯಲ್ಲಿ ಥಾಯ್ ಕರಿ ಮಾಡುವವರು ಹೇಳಿ, ಎಲ್ಲಿ ತಪ್ಪಾಗ್ತಿದೆ?

ತಿಪಟೂರಿನಿಂದ ಒಬ್ಬರು ಕೇಳಿದ್ದು: ಮಗಳಿಗೆ ಥಾಯ್ ಕೆಂಪು ಕರಿ ಅಂದ್ರೆ ಪ್ರಾಣ. ಮೂರು ಸಲ ಮಾಡಿದೆ, ಮೂರು ಸಲವೂ ಸಾಗು ಥರ ಆಯ್ತು. ಕಾಯಿಹಾಲು ಒಡೆಯುತ್ತೆ, ಖಾರ ವಿಪರೀತ, ನೂಡಲ್ಸ್ ಮುದ್ದೆ. ಊರಲ್ಲೇ ಸಿಗೋ ಸಾಮಾನಿನಲ್ಲಿ ಹೇಗೆ ಮಾಡೋದು? ಮಾಡಿದವರು ಅನುಭವ ಹೇಳಿ.

ತುಮಕೂರಿನಿಂದ:

ಅಕ್ಕ, ನೀವಿರೋದು ತೆಂಗಿನ ಸೀಮೆಯಲ್ಲಿ. ಮೊದಲು ಅಂಗಡಿಯ ಡಬ್ಬಿ ಕಾಯಿಹಾಲು ಬಿಡಿ. ನನಗೂ ಮೊದಲ ಒಂದು ವರ್ಷ ಸಾಗೇ ಆಗ್ತಿತ್ತು. ಯಾಕೆ ಅಂದ್ರೆ ಬಾಣಲೆ ಇಟ್ಟ ತಕ್ಷಣ ನಮ್ಮ ಕೈ ಒಗ್ಗರಣೆ ಡಬ್ಬಿಗೆ ಹೋಗುತ್ತೆ. ಸಾಸಿವೆ ಚಟಪಟ ಅಂದು, ಕರಿಬೇವು ಬಿದ್ದು, ಈರುಳ್ಳಿ ಬಾಡಿದ ಮೇಲೆ ಏನೇ ಹಾಕಿದರೂ ಅದು ನಮ್ಮ ಸಾಗೇ. ಥಾಯ್ ಕರಿಗೆ ಒಗ್ಗರಣೆ ಬೇಡ. ಎಣ್ಣೆಯ ಕೆಲಸವನ್ನು ಕಾಯಿಹಾಲಿನ ಕೆನೆ ಮಾಡುತ್ತೆ.

ನಾಲ್ಕು ಜನಕ್ಕೆ ಚೆನ್ನಾಗಿ ಬಲಿತ ಎರಡು ಕಾಯಿ ತುರಿದು, ಒಂದು ಲೋಟ ಬಿಸಿನೀರು ಹಾಕಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ಇದು ಮೊದಲ ಹಾಲು. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಎರಡನೇ ಹಾಲು ತೆಗೆದು ಬೇರೆ ಇಡಿ. ಮೊದಲ ಹಾಲು ಅರ್ಧ ಗಂಟೆ ಸುಮ್ನೆ ಇಟ್ಟರೆ ಕೆನೆ ಮೇಲೆ ಬರುತ್ತೆ. ಆ ಕೆನೆಯನ್ನು ಮಾತ್ರ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಕುದಿಸಿ. ನೊರೆ ಇಳಿದು, ಕೆನೆ ಗಟ್ಟಿಯಾಗಿ, ಅಂಚಿನಲ್ಲಿ ತುಪ್ಪದ ಥರ ಎಣ್ಣೆ ಕಾಣುತ್ತೆ. ಹಾಲು ಒಡೆಯುತ್ತೆ ಅಂತ ಹೆದರಿದ್ರಲ್ಲ, ಇಲ್ಲಿ ಅದು ಒಡೆಯಲೇಬೇಕು! ಡಬ್ಬಿ ಹಾಲಿಗೆ ಎಷ್ಟೋ ಸಲ ಒಡೆಯದ ಹಾಗೆ ಏನಾದರೂ ಸೇರಿಸಿರ್ತಾರೆ, ಅದಕ್ಕೇ ಎಷ್ಟು ಕುದಿಸಿದರೂ ಎಣ್ಣೆ ಬಿಡಲ್ಲ. ಎಣ್ಣೆ ಬಿಟ್ಟ ಮೇಲೆ ಮಸಾಲೆ ಹಾಕಿ, ಹಸಿ ವಾಸನೆ ಹೋಗೋವರೆಗೆ ಐದಾರು ನಿಮಿಷ ಕೈ ಬಿಡದೆ ಹುರಿಯಿರಿ. ಆಮೇಲೆ ಎರಡನೇ ಹಾಲು, ತರಕಾರಿ ಅಥವಾ ಕೋಳಿ. ಉಳಿದ ಮೊದಲ ಹಾಲು ಕೊನೆಗೆ, ಸಣ್ಣ ಉರಿಯಲ್ಲಿ.

ಇನ್ನು ಮಸಾಲೆ. ಎಂಟು ಬ್ಯಾಡಗಿ, ಒಂದೋ ಎರಡೋ ಗುಂಟೂರು ಮೆಣಸಿನಕಾಯಿ, ಬೀಜ ಉದುರಿಸಿ ಬಿಸಿನೀರಲ್ಲಿ ನೆನೆಸಿ. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ಮಗಳು ಚಿಕ್ಕವಳಾದರೆ ಗುಂಟೂರು ಬಿಟ್ಟೇಬಿಡಿ. ಜೊತೆಗೆ ಸಾಂಬಾರ್ ಈರುಳ್ಳಿ ಆರು, ಬೆಳ್ಳುಳ್ಳಿ ಎಂಟು ಎಸಳು, ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ. ಧನಿಯಾ, ಜೀರಿಗೆ ಅವರೂ ಹಾಕ್ತಾರೆ, ಆದರೆ ಅರ್ಧ ಚಮಚ ಸಾಕು, ಅದಕ್ಕಿಂತ ಜಾಸ್ತಿ ಆದರೆ ಮತ್ತೆ ಸಾಂಬಾರಿನ ವಾಸನೆ ಬರುತ್ತೆ. ಗಲಾಂಗಲ್ ಅಂತ ಶುಂಠಿ ಥರದ ಒಂದು ಗೆಡ್ಡೆ ಹಾಕ್ತಾರಲ್ಲ, ಅದು ನಮ್ಮ ದುಂಪರಾಸ್ಮೆ. ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಸಿಗುತ್ತೆ, ರಾತ್ರಿಯೇ ನೆನೆಹಾಕಿ. ಶುಂಠಿ ಹಾಕಿದರೆ ರುಚಿ ಬೇರೆ ಕಡೆ ಹೋಗುತ್ತೆ.

ಒಂದು ಮಾತು ಮರೀಬೇಡಿ. ಕೊತ್ತಂಬರಿ ಕಟ್ಟು ತಂದಾಗ ಬೇರು ಕತ್ತರಿಸಿ ಬಿಸಾಕ್ತೀವಿ ಅಲ್ವಾ? ಥಾಯ್ ಮಸಾಲೆಗೆ ಆ ಬೇರೇ ಬೇಕು. ದೊಡ್ಡ ಊರುಗಳ ಅಂಗಡಿಗಳಲ್ಲಿ ಬೇರು ತೆಗೆದ ಸೊಪ್ಪೇ ಜಾಸ್ತಿ, ನಮ್ಮ ಸಂತೆಯಲ್ಲಿ ಮಣ್ಣಿನ ಸಮೇತ ಕೊಡ್ತಾರೆ. ಮಣ್ಣು ಹೋಗೋ ಹಾಗೆ ನಾಲ್ಕು ಸಲ ತೊಳೆದು, ಕಲ್ಲುಪ್ಪಿನ ಜೊತೆ ಒರಳಲ್ಲಿ ಜಜ್ಜಿ. ಅಡುಗೆಮನೆ ತುಂಬಾ ಬರೋ ಆ ವಾಸನೆಗೆ ನನ್ನ ಅತ್ತೆಯೇ ಎದ್ದು ಬಂದು ಏನದು ಅಂತ ಕೇಳಿದ್ದರು.

ಸೀಗಡಿ ಪೇಸ್ಟ್ ಬದಲು ಒಣ ಸೀಗಡಿ ಒಂದು ಚಮಚ ಹುರಿದು ಪುಡಿ ಮಾಡಿ ಹಾಕ್ತೇನೆ. ಸಸ್ಯಾಹಾರಿ ಆದರೆ ಸೋಯಾ ಸಾಸ್. ಕೊನೆಗೆ ಸಣ್ಣ ಚೂರು ಬೆಲ್ಲ. ನಿಂಬೆರಸ ಒಲೆ ಆರಿಸಿದ ಮೇಲೆ.

ಚಿಂತಾಮಣಿಯಿಂದ:

ಮೇಲಿನವರು ಹೇಳಿದ್ದು ಸರಿ. ನಾನು ನೂಡಲ್ಸ್ ಬಗ್ಗೆ ಮಾತ್ರ ಹೇಳ್ತೇನೆ. ಅಗಲದ ಅಕ್ಕಿ ನೂಡಲ್ಸ್ ಕುದಿಸಲೇಬಾರದು. ತಣ್ಣೀರಲ್ಲಿ ಮುಕ್ಕಾಲು ಗಂಟೆ ನೆನೆಸಿ, ಬಾಗುತ್ತೆ ಆದರೆ ನಡುವೆ ಇನ್ನೂ ಸ್ವಲ್ಪ ಗಟ್ಟಿ ಇದೆ ಅನ್ನುವಾಗ ಸೋಸಿ, ನೇರ ಬಿಸಿ ಬಾಣಲೆಗೆ ಹಾಕಿ. ಉಳಿದಿದ್ದು ಅಲ್ಲೇ ಬೇಯುತ್ತೆ. ಒಮ್ಮೆಗೆ ಇಬ್ಬರಿಗೆ ಆಗೋಷ್ಟೇ ಮಾಡಿ, ಜಾಸ್ತಿ ತುಂಬಿದರೆ ಬಾಣಲೆ ತಣ್ಣಗಾಗಿ ಅಂಟಿಕೊಳ್ಳುತ್ತೆ.

ಲಕ್ಸಾ ಅಂತ ಮಲೇಷ್ಯಾ, ಸಿಂಗಪುರದ ಕಡೆ ಮಾಡ್ತಾರೆ, ಕಾಯಿಹಾಲಿನ ಖಾರದ ಸಾರಿಗೆ ಅಕ್ಕಿ ನೂಡಲ್ಸ್. ಅದಕ್ಕೆ ನಾನು ಅಂಗಡಿಯ ಪ್ಯಾಕೆಟ್ ತರೋದೇ ಬಿಟ್ಟೆ. ನಮ್ಮ ಒತ್ತು ಶ್ಯಾವಿಗೆ ಬಿಸಿಬಿಸಿ ಒತ್ತಿ ಬಟ್ಟಲಿಗೆ ಹಾಕಿ, ಮೇಲೆ ಸಾರು ಹುಯ್ದರೆ ಆಯ್ತು. ಶ್ಯಾವಿಗೆ ಸಾರಲ್ಲಿ ಕುದಿಸಬೇಡಿ, ಕರಗಿಹೋಗುತ್ತೆ.

ಮಗು ಖಾರ ಅಂತ ಅತ್ತರೆ ನೀರು ಕೊಡಬೇಡಿ. ಮೆಣಸಿನಕಾಯಿಯ ಖಾರ ನೀರಲ್ಲಿ ಕರಗಲ್ಲ. ಎರಡು ಚಮಚ ಗಟ್ಟಿ ಮೊಸರು ಕೊಡಿ, ಇಲ್ಲಾಂದ್ರೆ ಹಾಲು.

ತಿಪಟೂರಿನಿಂದ ಮತ್ತೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾಯಿ ಮನೆಯಲ್ಲೇ ರಾಶಿ ಬಿದ್ದಿದೆ, ಡಬ್ಬಿಗೆ ಸುಮ್ನೆ ದುಡ್ಡು ಹಾಕಿದೆ. ನಾಳೆ ಕೊತ್ತಂಬರಿ ಬೇರು ಎತ್ತಿಡ್ತೇನೆ. ದುಂಪರಾಸ್ಮೆ ಅಮ್ಮನ ಔಷಧಿ ಡಬ್ಬಿಯಲ್ಲೇ ಇದೆಯಂತೆ. ಭಾನುವಾರ ಮಾಡಿ ಹೇಗಾಯ್ತು ಅಂತ ಬರೀತೇನೆ.