ಪ್ಲಾಸ್ಟಿಕ್ ಕಯಾಕ್ ಒಳಗೆ ಫೋಮ್ ಅಂಟಿಸೋಕೆ ಯಾವ ಗಮ್ ತರಲಿ?

ಭಾಲ್ಕಿಯಿಂದ:
ನಮಸ್ಕಾರ. ಹಳೇ ಪ್ಲಾಸ್ಟಿಕ್ ಕಯಾಕ್ (ಕಾಲು ಚಾಚಿ ಕೂರುವ ಸಣ್ಣ ದೋಣಿ) ಒಂದನ್ನು ಕೊಂಡಿದ್ದೇನೆ. ಕಾರಂಜಾ ಹಿನ್ನೀರಿನಲ್ಲಿ ಹುಟ್ಟು ಹಾಕುವ ಆಸೆ. ಮೊದಲಿದ್ದವರು ಸೊಂಟದ ಎರಡೂ ಪಕ್ಕ ಮತ್ತು ಮೊಣಕಾಲು ತಾಗುವ ಕಡೆ ಸ್ಪಂಜು ಅಂಟಿಸಿದ್ದರು. ಎಲ್ಲಾ ಎದ್ದು ಬಂದಿದೆ. ಒಣಗಿದ ಗಮ್ಮನ್ನು ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಪೂರ್ತಿ ಸುಲಿದು ಬರುತ್ತದೆ, ಕೆಳಗೆ ಪ್ಲಾಸ್ಟಿಕ್ ಹೊಸದರಂತೆ ನುಣ್ಣಗಿದೆ. ಪಾದ ಊರಲು ಎರಡು ಪಟ್ಟಿಯನ್ನೂ ಕೂರಿಸಬೇಕು. ಬೀದರ್, ಕಲಬುರಗಿಯಲ್ಲಿ ಸಿಗುವ ಸಾಮಾನಿನಲ್ಲೇ ಆಗಬೇಕು.

ಬೀದರ್‌ನಿಂದ:
ಎರಡು ಟ್ಯೂಬಿನ ಎಪಾಕ್ಸಿ ತನ್ನಿ. ನನ್ನ ಫೈಬರ್ ದೋಣಿಗೆ ಅದನ್ನೇ ಹಾಕಿದ್ದು, ಗಟ್ಟಿಯಾಗಿ ಹಿಡಿದಿದೆ.

ಕಲಬುರಗಿಯಿಂದ:
ಫೈಬರ್‌ಗೆ ಅದು ಸರಿ ರೀ. ಇದು ಬೇರೆ ಮಾಲು. ನಾನು ನೀರಿನ ಟಾಕಿ ರಿಪೇರಿ ಮಾಡುವವನು. ಮನೆ ಮೇಲಿನ ಕಪ್ಪು ಟಾಕಿ, ನಿಮ್ಮ ಕಯಾಕ್ ಎರಡೂ ಪಾಲಿಥಿನ್. ಪುಡಿಯನ್ನು ಅಚ್ಚಿಗೆ ಸುರಿದು, ಕಾಯಿಸುತ್ತಾ ತಿರುಗಿಸಿ ಮಾಡುತ್ತಾರೆ. ಈ ಪ್ಲಾಸ್ಟಿಕ್ಕಿನ ಮೈಗೆ ಗಮ್ ಸುಮ್ನೆ ಹಿಡಿಯಲ್ಲ. ಗಮ್ ಯಾವುದೇ ಇರಲಿ, ಮೊದಲು ಮೈ ತಯಾರು ಮಾಡಬೇಕು.

ಹಳೇ ಗಮ್ ಪೂರ್ತಿ ತೆಗೆಯಿರಿ. 80 ನಂಬರ್ ಪಾಲಿಶ್ ಪೇಪರಿನಿಂದ ಉಜ್ಜಿ. ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಆಮೇಲೆ ಗ್ಯಾಸ್ ಟಾರ್ಚಿನ ನೀಲಿ ಉರಿಯ ತುದಿಯನ್ನು ಮೇಲಿಂದ ಬೇಗ ಬೇಗ ಆಡಿಸಿ. ಒಂದೇ ಕಡೆ ನಿಲ್ಲಿಸಬಾರದು. ಪ್ಲಾಸ್ಟಿಕ್ ಕರಗಿ ಹೊಳೆಯತೊಡಗಿದರೆ ಜಾಸ್ತಿ ಆಯ್ತು ಅಂತ ಲೆಕ್ಕ. ಆರಿದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಇನ್ನೊಮ್ಮೆ ಉರಿ ಆಡಿಸಿ. ನೀರು ತೆಳ್ಳಗೆ ಹರಡಿಕೊಂಡರೆ ಮೈ ತಯಾರಾಗಿದೆ. ನೀರು ಒಣಗಿದ ಕೂಡಲೇ ಅಂಟಿಸಿಬಿಡಿ, ನಾಳೆಗೆ ಬಿಡಬೇಡಿ. ಕಯಾಕ್ ಮೇಲೆ ಮಾಡುವ ಮುಂಚೆ ಒಡೆದ ಡ್ರಮ್ಮಿನ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ.

ಗಮ್ ಅಂದರೆ ಚಪ್ಪಲಿ ಮಾಡುವವರು ಬಳಸುವ ರಬ್ಬರ್ ಸೊಲ್ಯೂಷನ್ ಜಾತಿಯದು, ಫೆವಿಕಾಲ್ ಎಸ್‌ಆರ್ ಥರದ್ದು. ಫೋಮಿಗೂ ಪ್ಲಾಸ್ಟಿಕ್ಕಿಗೂ ಎರಡೂ ಕಡೆ ತೆಳ್ಳಗೆ ಹಚ್ಚಿ. ಬೆರಳಿಟ್ಟರೆ ಗಮ್ ಬೆರಳಿಗೆ ಹತ್ತಬಾರದು, ಅಷ್ಟು ಒಣಗಿದ ಮೇಲೆ ಕೂರಿಸಿ. ಕೂರಿಸಿದ ಮೇಲೆ ಸರಿಸಲು ಬರಲ್ಲ, ಮೊದಲೇ ಗುರುತು ಹಾಕಿಕೊಳ್ಳಿ. ಉರಿಯ ಕೆಲಸ ಮುಗಿಯುವ ತನಕ ಗಮ್ಮಿನ ಡಬ್ಬಿ ತೆರೆಯಲೇಬೇಡಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಕೆಲಸ ಅಂಗಳದಲ್ಲಿರಲಿ.

ಸ್ಪಂಜು ಮಾತ್ರ ಬೇಡ, ನೀರು ಕುಡಿಯುತ್ತದೆ. ಚಪ್ಪಲಿ ಅಟ್ಟೆಗೆ ಬರುವ ಇವಿಎ ಶೀಟ್ ತನ್ನಿ.

ಪಾದದ ಪಟ್ಟಿಯನ್ನು ಗಮ್ಮಿಗೆ ನಂಬಿ ಬಿಡಬೇಡಿ, ಅಲ್ಲಿ ಮೈಭಾರವೆಲ್ಲ ಬೀಳುತ್ತದೆ. ನೀರಿನ ಮಟ್ಟಕ್ಕಿಂತ ಮೇಲೆ ತೂತು ಹಾಕಿ, ಸ್ಟೀಲ್ ಬೋಲ್ಟು, ಒಳಗೆ ಅಗಲ ವಾಷರು. ನೀರು ಸೋರದಂತೆ ಹೊರಗಡೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ವಾಷರು ಸಾಕು. ಸಿಲಿಕಾನ್ ಈ ಪ್ಲಾಸ್ಟಿಕ್ಕಿಗೆ ಅಂಟಲ್ಲ.

ಯಾದಗಿರಿಯಿಂದ:
ಒಂದು ಮಾತು ಸೇರಿಸುತ್ತೇನೆ. ಸೊಂಟಕ್ಕೆ ಬಿಗಿಯಾಗಿ ಫೋಮ್ ತುಂಬಬೇಡಿ. ಕಯಾಕ್ ಮಗುಚಿದರೆ ನೀರೊಳಗೆ ತಲೆಕೆಳಗಾಗಿಯೇ ಹೊರಗೆ ಜಾರಬೇಕು. ಅಂಟಿಸುವ ಮುಂಚೆ ಫೋಮನ್ನು ಟೇಪಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಲೈಫ್ ಜಾಕೆಟ್ ಹಾಕಿಕೊಂಡು ಕೂತು, ಎದ್ದು ನೋಡಿ. ನೀರಿನಲ್ಲಿ ಮೊದಲ ಸಲ ನೋಡುವಾಗ ಎದೆಮಟ್ಟದ ನೀರಿರಲಿ, ಪಕ್ಕದಲ್ಲಿ ಈಜು ಬರುವವರು ನಿಂತಿರಲಿ.

ಭಾಲ್ಕಿಯಿಂದ:
ಎಲ್ಲರಿಗೂ ಧನ್ಯವಾದ. ನಮ್ಮ ಬೀದಿಯ ಚಪ್ಪಲಿ ಅಂಗಡಿಯಲ್ಲೇ ಶೀಟ್ ಇದೆಯಂತೆ. ತೇಲಲಿ ಅಂತ ಮುಂದಿನ ತುದಿಗೆ ಥರ್ಮಾಕೋಲ್ ಅಂಟಿಸಬಹುದಾ?

ಕಲಬುರಗಿಯಿಂದ:
ಆ ಗಮ್ ಥರ್ಮಾಕೋಲನ್ನು ತಿಂದು ಹಾಕುತ್ತದೆ. ಅಂಟಿಸದೆ, ಬಿಗಿಯಾಗಿ ಕತ್ತರಿಸಿ ಒಳಗೆ ಒತ್ತಿ ನಿಲ್ಲಿಸಿ. ಇನ್ನೊಂದು, ಕಯಾಕನ್ನು ಬಿಸಿಲಿಗೆ ಬಿಡಬೇಡಿ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಒಳಗೆ ಇನ್ನೂ ಜಾಸ್ತಿ. ಈ ಗಮ್ ಕಾದರೆ ಮೆತ್ತಗಾಗುತ್ತದೆ. ನೆರಳಲ್ಲಿ ಬೋರಲು ಹಾಕಿಡಿ.